ಗಂಗೆಯ ಗಿಂಡಿಯೂ ಗುಲಗಂಜಿಯ ತೂಕವೂ

ಕಾಶೀಯಾತ್ರೆ ಮುಗಿಸಿ ಬಂದ ಕನ್ನಡಿಗರ ಮನೆಗಳಲ್ಲಿ ದೇವರ ಪೀಠದ ಬಳಿ ಒಂದು ಪುಟ್ಟ ತಾಮ್ರದ ಗಿಂಡಿ ಇರುವುದು ಬಹುಕಾಲದ ರೂಢಿ. ಬಾಯಿಗೆ ಬೆಸುಗೆ ಹಾಕಿದ ಆ ಗಿಂಡಿಯನ್ನು ಸಮಾರಾಧನೆಯ ದಿನ ಪೂಜಿಸಿ, ಮನೆಯ ಹಿರಿಯರ ಕೊನೆಯ ಗಳಿಗೆಯಲ್ಲಿ ಅದರಿಂದ ಒಂದು ಉದ್ಧರಣೆ ನೀರನ್ನು ಬಾಯಿಗೆ ಬಿಡುವ ಪದ್ಧತಿ, ಊರು ಬಿಟ್ಟು ಮಹಾನಗರ ಸೇರಿದ ಕುಟುಂಬಗಳಲ್ಲಿಯೂ ಉಳಿದು ಬಂದಿದೆ. ವಾರಾಣಸಿಯ ಜಂಗಮವಾಡಿ ಮಠ, ಗಂಗಾತೀರದ ಕರ್ನಾಟಕ ಘಾಟ್ ಇವೆರಡೂ ಕನ್ನಡ ನಾಡಿಗೂ ಆ ಕ್ಷೇತ್ರಕ್ಕೂ ಇರುವ ನಂಟಿಗೆ ಸಾಕ್ಷಿಯಾಗಿ ನಿಂತಿವೆ. ಗಿಂಡಿಯ ನೀರಿನ ಪಾವಿತ್ರ್ಯ ಶ್ರದ್ಧೆಗೆ ಸೇರಿದ ವಿಷಯ. ಅದನ್ನು ಅಳೆಯುವ ಉಪಕರಣವಿಲ್ಲ, ಅಳೆಯುವ ಅಗತ್ಯವೂ ಇಲ್ಲ. ಆದರೆ ಅದೇ ಕ್ಷೇತ್ರದ ನಿವಾಸಿಗಳು ಹುಟ್ಟಿದಂದಿನಿಂದ ಸಾಯುವವರೆಗೆ ಪ್ರತಿದಿನ ಕುಡಿಯುವ ನೀರು ಶ್ರದ್ಧೆಯಿಂದ ಮಾತ್ರವೇ ಶುದ್ಧವಾಗದು. ಅದನ್ನು ಅಳೆಯಬೇಕು, ಅಳೆದುದನ್ನು ಅಂಕಿಯಲ್ಲಿ ಹೇಳಬೇಕು, ಹೇಳಿದ ಅಂಕಿ ಕುಡಿಯುವವನಿಗೆ ಅರ್ಥವಾಗಬೇಕು. ಈ ಮೂರರಲ್ಲಿ ಕೊನೆಯದು ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗಿದೆ.

ಗಂಗೆಯ ಮಾಲಿನ್ಯವೆಂದರೆ ಚರಂಡಿಯ ನೀರು, ಅದರಲ್ಲಿನ ರೋಗಾಣುಗಳು ಎಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ಈ ತಿಳಿವಳಿಕೆ ತಾನಾಗಿ ಬಂದುದಲ್ಲ. ಸಂಕಟಮೋಚನ ದೇವಾಲಯದ ಮಹಂತರೂ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರರು 1982ರಲ್ಲಿ ಸಂಕಟಮೋಚನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಮುಂದೆ ಆ ಸಂಸ್ಥೆ ತುಳಸೀ ಘಾಟಿನಲ್ಲಿ ಪ್ರಯೋಗಾಲಯವನ್ನಿಟ್ಟು, ನೂರು ಮಿಲಿಲೀಟರು ನೀರಿನಲ್ಲಿ ಮಲಜನ್ಯ ರೋಗಾಣುಗಳು ಎಷ್ಟೆಂಬುದನ್ನು ಎಣಿಸಿ ಜನರ ಮುಂದಿಟ್ಟಿತು. 1986ರ ಜೂನ್ 14ರಂದು ಗಂಗಾ ಕ್ರಿಯಾ ಯೋಜನೆಗೆ ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಚಾಲನೆ ನೀಡಿದುದೂ ವಾರಾಣಸಿಯಲ್ಲಿಯೇ. ಯೋಜನೆಯ ಫಲಾಫಲಗಳು ಏನೇ ಇರಲಿ, 2013ರಲ್ಲಿ ಮಿಶ್ರರು ತೀರಿಕೊಳ್ಳುವ ವೇಳೆಗೆ ಗಂಗೆಯ ರೋಗಾಣು ಸಂಖ್ಯೆ ಜನಸಾಮಾನ್ಯರ ಮಾತಿಗೆ ವಿಷಯವಾಗಿತ್ತು. ಆದರೆ ನೀರಿಗೆ ಸೇರಬಹುದಾದ ಇನ್ನೊಂದು ವಸ್ತುವಿನ ವಿಷಯದಲ್ಲಿ ಇಂಥ ತಿಳಿವಳಿಕೆ ಇನ್ನೂ ಮೂಡಿಲ್ಲ. ಅದೇ ಹೊಲಗದ್ದೆಗಳಲ್ಲಿ ಬಳಸುವ ಕಳೆನಾಶಕ.

ಹೊಲದಿಂದ ಕೊಡಕ್ಕೆ

ವಾರಾಣಸಿಯ ಸುತ್ತಲಿನ ಬಯಲು ಗೋಧಿ ಮತ್ತು ಭತ್ತದ ಸೀಮೆ. ಚಳಿಗಾಲದ ಗೋಧಿಯ ನಡುವೆ, ಉತ್ತರ ಭಾರತದ ರೈತರು ಗುಲ್ಲಿ ದಂಡಾ ಎಂದು ಕರೆಯುವ ಹುಲ್ಲು ಬೆಳೆಯುತ್ತದೆ. ಎಳೆಯದರಲ್ಲಿ ಅದು ಗೋಧಿಯ ಸಸಿಯಂತೆಯೇ ಕಾಣುವುದರಿಂದ ಕೈಯಿಂದ ಕಿತ್ತುಹಾಕುವುದು ಕಷ್ಟ. ಇದಕ್ಕೆ ಪರಿಹಾರವಾಗಿ ಬಂದುದು ಐಸೊಪ್ರೊಟ್ಯುರಾನ್. ಅಗಲ ಎಲೆಯ ಕಳೆಗಳಿಗೆ 2,4-ಡಿ, ನಾಟಿ ಮಾಡಿದ ಭತ್ತದ ಗದ್ದೆಗೆ ಬ್ಯೂಟಾಕ್ಲೋರ್, ಮೆಕ್ಕೆಜೋಳ ಹಾಗೂ ಕಬ್ಬಿಗೆ ಅಟ್ರಜಿನ್ ಬಳಕೆಗೆ ಬಂದವು. ಕಳೆ ಕೀಳುವ ಕೂಲಿಯಾಳು ದೊರೆಯದ ಕಾಲದಲ್ಲಿ ರೈತನು ಇವುಗಳನ್ನು ಆಶ್ರಯಿಸಿದುದು ಅಪರಾಧವೇನಲ್ಲ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ, ದಾವಣಗೆರೆ ಹಾವೇರಿಗಳ ಮೆಕ್ಕೆಜೋಳದ ಹೊಲದಲ್ಲಿ, ಗಂಗಾವತಿಯ ಭತ್ತದ ಬಯಲಿನಲ್ಲಿ ಇರುವ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಕಾಶಿಯ ಮಾತೆಂದು ಹೇಳಿದುದು ಊರಿನ ಅಣ್ಣತಮ್ಮಂದಿರ ಬಾವಿಗೂ ಸಲ್ಲುತ್ತದೆ.

ಸಿಂಪಡಿಸಿದ ಕಳೆನಾಶಕವೆಲ್ಲವೂ ಕಳೆಯಲ್ಲಿಯೇ ಉಳಿಯುವುದಿಲ್ಲ. ಒಂದಂಶ ಮಣ್ಣಿಗೆ ಅಂಟುತ್ತದೆ. ಒಂದಂಶ ಸೂಕ್ಷ್ಮಜೀವಿಗಳಿಂದ ಕ್ರಮೇಣ ಕೊಳೆಯುತ್ತದೆ. ಉಳಿದುದರಲ್ಲಿ ಸ್ವಲ್ಪ ಮಳೆಯ ಅಥವಾ ಕಾಲುವೆಯ ನೀರಿನೊಡನೆ ಹಳ್ಳಕ್ಕೆ ಹರಿಯುತ್ತದೆ, ಇಲ್ಲವೆ ನೆಲದೊಳಕ್ಕೆ ಇಳಿಯುತ್ತದೆ. ಅಟ್ರಜಿನ್ ಒಮ್ಮೆ ಅಂತರ್ಜಲವನ್ನು ಸೇರಿದರೆ ಬೇಗ ನಾಶವಾಗದು. ವಾರಾಣಸಿ ನಗರಕ್ಕೆ ಭದೈನಿಯಲ್ಲಿ ಗಂಗೆಯಿಂದ ಎತ್ತಿದ ನೀರು ಭೇಲೂಪುರದ ಶುದ್ಧೀಕರಣ ಕೇಂದ್ರದ ಮೂಲಕ ಬರುತ್ತದೆ. ಕೊಳವೆ ಬಾವಿಗಳ ನೀರೂ ಅದರೊಡನೆ ಸೇರಿದೆ. ಸುತ್ತಲ ಹಳ್ಳಿಗಳಿಗೆ ಕೈಪಂಪು, ಬಾವಿಗಳ ಆಸರೆ. ಪಟಿಕ ಹಾಕಿ ಕೆಸರು ಇಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಬೆರೆಸುವುದು ಎಂಬ ಸಾಂಪ್ರದಾಯಿಕ ಕ್ರಮ ಕೊಳೆಗೂ ರೋಗಾಣುವಿಗೂ ಮದ್ದು. ನೀರಿನಲ್ಲಿ ಕರಗಿಹೋದ ಅಟ್ರಜಿನ್‌ನಂಥ ವಸ್ತುವನ್ನು ಅದು ಬಹುಮಟ್ಟಿಗೆ ಹಾಗೆಯೇ ಬಿಟ್ಟುಬಿಡುತ್ತದೆ. ಈ ವಸ್ತುಗಳಿಗೆ, ಅವು ನೀರಿನಲ್ಲಿರುವ ಅಲ್ಪ ಪ್ರಮಾಣದಲ್ಲಿ, ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು, ಮೂಗು, ನಾಲಿಗೆಗಳು ಸೋತ ಕಡೆ ಉಳಿಯುವ ಸಾಕ್ಷಿ ಅಂಕಿಯೊಂದೇ.

ಸೇರು ಬದಲಾದರೆ ಲೆಕ್ಕವೂ ಬದಲು

ಮೈಸೂರಿನ ಸೇರೇ ಬೇರೆ, ಮುಂಬಯಿಯ ಸೇರೇ ಬೇರೆ ಎಂಬ ಕಾಲವನ್ನು ಹಿರಿಯರು ಬಲ್ಲರು. ಎರಡು ಸೇರು ಎಂದರೆ ಸಾಲದು, ಯಾವ ಊರಿನ ಸೇರು ಎಂದು ಕೇಳಬೇಕಾಗಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಆ ಗೊಂದಲವನ್ನು ಕೊನೆಗಾಣಿಸಿತು. ನೀರಿನ ಪರೀಕ್ಷಾ ವರದಿಗಳಲ್ಲಿ ಆ ಹಳೆಯ ಗೊಂದಲವೇ ಹೊಸ ವೇಷದಲ್ಲಿ ಮರಳಿ ಬಂದಿದೆ. ಒಂದು ವರದಿ ಲೀಟರಿಗೆ ಮಿಲಿಗ್ರಾಂ ಎನ್ನುತ್ತದೆ, ಇನ್ನೊಂದು ಲೀಟರಿಗೆ ಮೈಕ್ರೋಗ್ರಾಂ ಎನ್ನುತ್ತದೆ, ಮತ್ತೊಂದು ಪಿ.ಪಿ.ಎಂ. ಎಂದೂ ಮಗದೊಂದು ಪಿ.ಪಿ.ಬಿ. ಎಂದೂ ಬರೆಯುತ್ತದೆ. ಇವುಗಳ ಸಂಬಂಧ ತಿಳಿದರೆ ಲೆಕ್ಕ ಬಹು ಸುಲಭ.

ಒಂದು ಗ್ರಾಮಿನ ಸಾವಿರದಲ್ಲೊಂದು ಭಾಗ ಮಿಲಿಗ್ರಾಂ. ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗ ಮೈಕ್ರೋಗ್ರಾಂ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ, ಅಂದರೆ 10 ಲಕ್ಷ ಮಿಲಿಗ್ರಾಂ. ಆದುದರಿಂದ ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಇದೇ ಪಿ.ಪಿ.ಎಂ. ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು, ಇದೇ ಪಿ.ಪಿ.ಬಿ. ಮಿಲಿಗ್ರಾಮನ್ನು ಮೈಕ್ರೋಗ್ರಾಮಿಗೆ ತರಲು ಸಾವಿರದಿಂದ ಗುಣಿಸಬೇಕು, ಎಂದರೆ ದಶಾಂಶ ಬಿಂದುವನ್ನು ಮೂರು ಸ್ಥಾನ ಬಲಕ್ಕೆ ಸರಿಸಬೇಕು. 0.002 ಮಿಲಿಗ್ರಾಂ ಎಂದರೆ 2 ಮೈಕ್ರೋಗ್ರಾಂ. ಇದಿಷ್ಟೇ ವಿದ್ಯೆ. ಆದರೆ ಈ ಬಿಂದು ಒಂದು ಸ್ಥಾನ ತಪ್ಪಿದರೆ ಹತ್ತು ಪಟ್ಟು, ಮೂರು ಸ್ಥಾನ ತಪ್ಪಿದರೆ ಸಾವಿರ ಪಟ್ಟು ವ್ಯತ್ಯಾಸವಾಗುತ್ತದೆ. ಔಷಧದ ಚೀಟಿಯಲ್ಲಿ ಇಂಥ ತಪ್ಪನ್ನು ಯಾವ ವೈದ್ಯನೂ ಸಹಿಸಲಾರ.

ಈ ಪ್ರಮಾಣಗಳು ಎಷ್ಟು ಸೂಕ್ಷ್ಮವೆಂಬುದನ್ನು ಅರಿಯಲು ಅಕ್ಕಸಾಲಿಗರ ತಕ್ಕಡಿಯ ಗುಲಗಂಜಿಯನ್ನು ನೆನೆಯಬಹುದು. ಒಂದು ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ, ಎಂದರೆ 1,20,000 ಮೈಕ್ರೋಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಅಟ್ರಜಿನ್‌ಗೆ ಗೊತ್ತುಪಡಿಸಿದ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಭಾಗಿಸಿ ನೋಡಿದರೆ, ಒಂದು ಗುಲಗಂಜಿ ತೂಕದ ಶುದ್ಧ ಅಟ್ರಜಿನ್ 60,000 ಲೀಟರು ನೀರನ್ನು ಮಿತಿಯ ಅಂಚಿಗೆ ತರಬಲ್ಲುದು. ಮಹಾನಗರದ ವಸತಿ ಸಂಕೀರ್ಣಗಳಿಗೆ ಬೇಸಗೆಯಲ್ಲಿ ಬರುವ 10,000 ಲೀಟರಿನ ಟ್ಯಾಂಕರುಗಳನ್ನು ಲೆಕ್ಕಕ್ಕೆ ತಂದರೆ ಅದು ಆರು ಟ್ಯಾಂಕರು ನೀರು.

ನದಿಗೂ ಬಾವಿಗೂ ಇರುವ ಅಂತರವೂ ಇದೇ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಎರಡು ಮೀಟರು ಅಗಲದ ಬಾವಿಯಲ್ಲಿ ಐದು ಮೀಟರು ನೀರಿದ್ದರೆ ಅದು ಸುಮಾರು 15,700 ಲೀಟರು. ಅದನ್ನು ಅಟ್ರಜಿನ್ ಮಿತಿಗೆ ಮುಟ್ಟಿಸಲು ಸುಮಾರು 31 ಮಿಲಿಗ್ರಾಂ, ಎಂದರೆ ಗುಲಗಂಜಿಯ ಕಾಲು ಭಾಗ ಸಾಕು. ಸಿಂಪಡಿಸುವ ಡಬ್ಬವನ್ನು ಬಾವಿಯ ಕಟ್ಟೆಯ ಮೇಲೆ ತೊಳೆದರೆ ಇದಕ್ಕಿಂತ ಹೆಚ್ಚು ಒಳಗೆ ಬೀಳಬಹುದು. ಇನ್ನು, ಸೆಕೆಂಡಿಗೆ 1,000 ಘನಮೀಟರು ಹರಿಯುವ ಒಂದು ಮಹಾನದಿಯನ್ನು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಅದರಲ್ಲಿ ಲೀಟರಿಗೆ ಒಂದೇ ಒಂದು ಮೈಕ್ರೋಗ್ರಾಂ ಇರಬೇಕಾದರೂ ಪ್ರತಿ ಸೆಕೆಂಡಿಗೆ ಒಂದು ಗ್ರಾಂ, ದಿನವೊಂದಕ್ಕೆ 86 ಕಿಲೋ 400 ಗ್ರಾಂ ಕಳೆನಾಶಕ ಅದಕ್ಕೆ ಬೀಳುತ್ತಿರಬೇಕು. ಗಂಗೆಯಂಥ ನದಿ ತನ್ನ ಗಾತ್ರದಿಂದಲೇ ಎಷ್ಟನ್ನೋ ತೆಳುಗೊಳಿಸುತ್ತದೆ. ಹೊಲದ ನಡುವಿನ ಬಾವಿಗೆ ಆ ಭಾಗ್ಯವಿಲ್ಲ. ಗಂಗೆಯ ಹೆಸರೆತ್ತಿ ಗದ್ದಲ ಮಾಡುವವರು ಹಳ್ಳಿಯ ಕೈಪಂಪನ್ನು ಮರೆಯಬಾರದು.

ಮಿತಿ ಹುಟ್ಟುವ ಬಗೆ

ಮಿತಿಯ ಅಂಕಿ ಆಕಾಶದಿಂದ ಇಳಿದುದಲ್ಲ. ಅದೂ ಒಂದು ಲೆಕ್ಕವೇ. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದ ಮೇಲೆ, ಮನುಷ್ಯನು ಜೀವಮಾನವಿಡೀ ಪ್ರತಿದಿನ ಸೇವಿಸಿದರೂ ಹಾನಿಯಾಗದೆಂದು ನಂಬಬಹುದಾದ ಪ್ರಮಾಣವನ್ನು ತಜ್ಞರು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಇಷ್ಟೆಂದು ನಿರ್ಧರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಐಸೊಪ್ರೊಟ್ಯುರಾನ್‌ಗೆ ಇಟ್ಟ ಪ್ರಮಾಣ 3 ಮೈಕ್ರೋಗ್ರಾಂ. ಮನುಷ್ಯನ ತೂಕ 60 ಕಿಲೋ ಎಂದರೆ ದಿನಕ್ಕೆ 180 ಮೈಕ್ರೋಗ್ರಾಂ. ಆಹಾರದಿಂದಲೂ ಇಂಥ ವಸ್ತು ದೇಹಕ್ಕೆ ಸೇರುವುದರಿಂದ ನೀರಿನ ಪಾಲಿಗೆ ಹತ್ತನೆಯ ಒಂದು ಭಾಗವನ್ನು, ಎಂದರೆ 18 ಮೈಕ್ರೋಗ್ರಾಮನ್ನು ಬಿಡಲಾಗಿದೆ. ದಿನಕ್ಕೆ 2 ಲೀಟರು ಕುಡಿಯುವನೆಂದು ಭಾಗಿಸಿದರೆ ಲೀಟರಿಗೆ 9 ಮೈಕ್ರೋಗ್ರಾಂ. 2,4-ಡಿಗೆ ಇದೇ ಕ್ರಮದಲ್ಲಿ 30 ಬರುತ್ತದೆ. ಭಾರತೀಯ ಮಾನಕ ಸಂಸ್ಥೆ 2012ರ ಪಟ್ಟಿಯಲ್ಲಿ ಕೊಟ್ಟಿರುವುದೂ ಇವೇ ಅಂಕಿಗಳನ್ನು.

ಲೆಕ್ಕ ಸರಿಯಾಗಿದೆ, ಲೆಕ್ಕದೊಳಗಿನ ಮನುಷ್ಯ ಯಾರು ಎಂಬುದು ಪ್ರಶ್ನೆ. ಜ್ಯೇಷ್ಠ ಮಾಸದ ಬಿಸಿಲಿನಲ್ಲಿ ಕಾಶಿಯಲ್ಲಿ ದೋಣಿ ಹುಟ್ಟು ಹಾಕುವವನು, ಸೈಕಲ್ ರಿಕ್ಷಾ ತುಳಿಯುವವನು ದಿನಕ್ಕೆ ಎರಡೇ ಲೀಟರು ನೀರು ಕುಡಿದು ಬದುಕಲಾರ. ಅವನ ತೂಕ 50 ಕಿಲೋ, ಕುಡಿಯುವ ನೀರು 5 ಲೀಟರು ಎಂದು ಅದೇ ಸೂತ್ರಕ್ಕೆ ಹಾಕಿದರೆ, 3ನ್ನು 50ರಿಂದ ಗುಣಿಸಿದಾಗ 150. ಅದರ ಹತ್ತನೆಯ ಒಂದು ಭಾಗ 15. ಐದರಿಂದ ಭಾಗಿಸಿದಾಗ 3. ಒಂಬತ್ತು ಇದ್ದುದು ಮೂರಕ್ಕೆ ಇಳಿಯಿತು. ಹತ್ತು ಕಿಲೋ ತೂಕದ ಮಗು ದಿನಕ್ಕೆ ಒಂದು ಲೀಟರು ಕುಡಿದರೂ ಬರುವ ಉತ್ತರ ಮೂರೇ. ಬೆವರು ಸುರಿಸಿ ದುಡಿಯುವವನಿಗೂ ತೊಟ್ಟಿಲಿನಿಂದ ಈಗಷ್ಟೇ ಇಳಿದ ಕೂಸಿಗೂ, ತಂಪು ಕೋಣೆಯಲ್ಲಿ ಕುಳಿತ 60 ಕಿಲೋ ತೂಕದವನ ಮಿತಿಯನ್ನೇ ಅನ್ವಯಿಸುವುದು ನ್ಯಾಯವೆನಿಸದು. ಸೆಖೆಯ ದೇಶವೊಂದು ತನ್ನ ಜನರ ತೂಕವನ್ನೂ ಬಾಯಾರಿಕೆಯನ್ನೂ ಅಳೆದು ತನ್ನ ಮಿತಿಯನ್ನು ತಾನೇ ಗುಣಿಸಿಕೊಳ್ಳಬೇಕು.

ಬಾಟಲಿಗೊಂದು ಧರ್ಮ, ನಲ್ಲಿಗೊಂದು ಧರ್ಮ

ಇದಕ್ಕಿಂತಲೂ ಗಂಭೀರವಾದ ವಿಷಯ ಬೇರೊಂದಿದೆ. 2003ರ ಫೆಬ್ರವರಿಯಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೆಹಲಿ, ಮುಂಬಯಿಗಳ ಬಾಟಲಿ ನೀರನ್ನು ಪರೀಕ್ಷಿಸಿ ಅದರಲ್ಲಿ ಕೀಟನಾಶಕಗಳ ಶೇಷವಿರುವುದನ್ನು ಪ್ರಕಟಿಸಿತು. ದೇಶದಾದ್ಯಂತ ಕೋಲಾಹಲವೆದ್ದು, ಅದೇ ವರ್ಷ ಬಾಟಲಿ ನೀರಿನ ಮಾನಕ ತಿದ್ದುಪಡಿಯಾಯಿತು. ಯಾವುದೇ ಒಂದು ಪೀಡೆನಾಶಕ ಲೀಟರಿಗೆ 0.0001 ಮಿಲಿಗ್ರಾಂ ಮೀರಕೂಡದು, ಎಲ್ಲವೂ ಕೂಡಿ 0.0005 ಮಿಲಿಗ್ರಾಂ ಮೀರಕೂಡದು ಎಂದು ವಿಧಿಸಲಾಯಿತು. ಇದು ಯೂರೋಪಿನ ದೇಶಗಳು 1980ರಿಂದ ಕುಡಿಯುವ ನೀರಿಗೆ ಅನುಸರಿಸುತ್ತ ಬಂದ ಅಳತೆ. ಕಳೆನಾಶಕಗಳೂ ಈ ಪೀಡೆನಾಶಕಗಳ ಗುಂಪಿಗೆ ಸೇರಿದವೇ.

ನಲ್ಲಿಯ ನೀರಿನ ಮಾನಕ 1991ರಲ್ಲಿ ಪೀಡೆನಾಶಕಗಳಿಗೆ ಒಂದೇ ಸಾಲನ್ನು ಮೀಸಲಿಟ್ಟಿತ್ತು: ಇರಲೇಬಾರದು, ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ ಮಾತ್ರ ಲೀಟರಿಗೆ 0.001 ಮಿಲಿಗ್ರಾಂವರೆಗೆ ಸಹಿಸಬಹುದು. 2012ರಲ್ಲಿ ಆ ಸಾಲಿನ ಬದಲು ಹೆಸರುವಾರು ಪಟ್ಟಿ ಬಂದಿತು. ಅದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿದೆ. ಬಾಟಲಿಯ ಮಾನಕ ಮಿಲಿಗ್ರಾಮಿನಲ್ಲಿ, ನಲ್ಲಿಯ ಪಟ್ಟಿ ಮೈಕ್ರೋಗ್ರಾಮಿನಲ್ಲಿ. ಎರಡನ್ನೂ ಓದಿದವನಿಗೂ ಅವುಗಳ ಅಂತರ ತಟ್ಟನೆ ಹೊಳೆಯದು. 0.0001 ಮಿಲಿಗ್ರಾಮನ್ನು ಮೈಕ್ರೋಗ್ರಾಮಿಗೆ ತಂದರೆ 0.1 ಆಗುತ್ತದೆ. ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಅಂಕಿಗಳೆಲ್ಲ ಲೀಟರಿಗೆ ಮೈಕ್ರೋಗ್ರಾಂ.

ಅಟ್ರಜಿನ್: ಬಾಟಲಿಗೆ 0.1, ನಲ್ಲಿಗೆ 2, ಇಪ್ಪತ್ತು ಪಟ್ಟು.
ಐಸೊಪ್ರೊಟ್ಯುರಾನ್: ಬಾಟಲಿಗೆ 0.1, ನಲ್ಲಿಗೆ 9, ತೊಂಬತ್ತು ಪಟ್ಟು.
2,4-ಡಿ: ಬಾಟಲಿಗೆ 0.1, ನಲ್ಲಿಗೆ 30, ಮುನ್ನೂರು ಪಟ್ಟು.
ಬ್ಯೂಟಾಕ್ಲೋರ್: ಬಾಟಲಿಗೆ 0.1, ನಲ್ಲಿಗೆ 125. ಸಾವಿರದ ಇನ್ನೂರ ಐವತ್ತು ಪಟ್ಟು.

ಮೇಲಾಗಿ, ಬಾಟಲಿ ನೀರಿಗೆ ಎಲ್ಲವೂ ಕೂಡಿದ ಮೊತ್ತಕ್ಕೂ ಮಿತಿಯಿದೆ. ನಲ್ಲಿಯ ಪಟ್ಟಿಯಲ್ಲಿ ಅಂಥ ಮೊತ್ತದ ಸಾಲಿಲ್ಲ. ಕಾಶಿಯ ರೈಲು ನಿಲ್ದಾಣದಲ್ಲಿ ಬಾಟಲಿ ಕೊಂಡು ಕುಡಿಯುವ ಯಾತ್ರಿಕನ ದೇಹ ಒಂದು ಬಗೆಯದು, ಹೊರಗೆ ಬೀದಿಯ ನಲ್ಲಿಗೆ ಬಾಯೊಡ್ಡುವ ಕೂಲಿಯ ದೇಹ ಇನ್ನೊಂದು ಬಗೆಯದು ಎಂದು ವೈದ್ಯಶಾಸ್ತ್ರ ಎಲ್ಲಿಯೂ ಹೇಳಿಲ್ಲ.

ಇನ್ನೊಂದು ಪಕ್ಷದ ವಾದವನ್ನೂ ಪರಿಶೀಲಿಸುವುದು ಉಚಿತ. ಯೂರೋಪಿನ 0.1 ಎಂಬ ಅಂಕಿ ವಿಷಶಾಸ್ತ್ರದ ಲೆಕ್ಕದಿಂದ ಬಂದುದಲ್ಲ. ಕುಡಿಯುವ ನೀರಿನಲ್ಲಿ ಇಂಥ ವಸ್ತು ಇರಲೇಬಾರದು ಎಂಬ ಮುಂಜಾಗ್ರತೆಯ ಸಂಕಲ್ಪ ಅದು. ಅದನ್ನು ಮೀರಿದ ಮಾತ್ರಕ್ಕೆ ನೀರು ವಿಷವಾಯಿತೆಂದು ಹೇಳಲಾಗದು. ಮಿತಿಗಳು ಶಾಶ್ವತವೂ ಅಲ್ಲ. ಅಟ್ರಜಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಿಂದೆ 2 ಎಂದಿದ್ದುದನ್ನು 2011ರಲ್ಲಿ 100ಕ್ಕೆ ಏರಿಸಿತು; ಅದೇ ಅಟ್ರಜಿನ್ ಅಂತರ್ಜಲದಲ್ಲಿ 0.1 ಮೀರದಂತೆ ತಡೆಯಲಾಗದೆಂಬ ಕಾರಣಕ್ಕೆ ಯೂರೋಪಿಯನ್ ಒಕ್ಕೂಟ 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. 2,4-ಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಎಷ್ಟು ಪ್ರಮಾಣದಲ್ಲಿ ಎಂಬುದು ಆ ವರ್ಗೀಕರಣದ ವಿಷಯವಲ್ಲ. ಬಡ ನಗರಸಭೆಗಳಿಗೆ ಮೊದಲ ಕರ್ತವ್ಯ ರೋಗಾಣು ನಿವಾರಣೆ ಎಂಬುದೂ ನಿರ್ವಿವಾದ. ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳು ಇಂದೇ ಕೊಲ್ಲುತ್ತವೆ. ಅಲ್ಪ ಪ್ರಮಾಣದ ಕಳೆನಾಶಕದ ಮಾತು ದೀರ್ಘಕಾಲದ್ದು.

ಇಷ್ಟನ್ನೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮುಂಜಾಗ್ರತೆ ಒಳ್ಳೆಯದೆಂದಾದರೆ ಅದು ಬಾಟಲಿ ಕೊಳ್ಳಬಲ್ಲವನಿಗೆ ಮಾತ್ರ ಏಕೆ? ಅದು ಅನಾವಶ್ಯಕವೆಂದಾದರೆ ಬಾಟಲಿಗೆ ತಾನೇ ಏಕೆ? ಹಣದ ಅಭಾವದಿಂದ ನಲ್ಲಿಯ ಮಿತಿಯನ್ನು ಸಡಿಲವಾಗಿಡಬೇಕಾಗಿದ್ದರೆ ಹಾಗೆಂದು ಪ್ರಾಮಾಣಿಕವಾಗಿ ಹೇಳಬಹುದು. ಸಡಿಲಿಕೆಯನ್ನು ಸೊನ್ನೆಗಳ ಸಾಲಿನ ಮರೆಯಲ್ಲಿ ಇಡುವುದು ಪ್ರಜಾಪ್ರಭುತ್ವಕ್ಕೆ ಶೋಭೆ ತರುವ ಕೆಲಸವಲ್ಲ.

ವರದಿಯನ್ನು ಓದುವ ಕ್ರಮ

ಪರೀಕ್ಷಾ ವರದಿಯನ್ನು ಕೈಗೆತ್ತಿಕೊಂಡಾಗ ನಾಲ್ಕು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಅಂಕಿಯ ಪಕ್ಕದ ಮಾನ. ಅದನ್ನು ಮೈಕ್ರೋಗ್ರಾಮಿಗೆ ತಂದುಕೊಂಡ ಬಳಿಕವೇ ಮಿತಿಯೊಡನೆ ಹೋಲಿಸಬೇಕು. ಎರಡನೆಯದು, "ಪತ್ತೆಯಾಗಿಲ್ಲ" ಎಂಬ ಮಾತು. ಉಪಕರಣಕ್ಕೆ 5 ಮೈಕ್ರೋಗ್ರಾಮಿಗಿಂತ ಕಡಿಮೆ ಇರುವುದನ್ನು ಗುರುತಿಸುವ ಶಕ್ತಿಯಿಲ್ಲದಿದ್ದರೆ, 2 ಮೈಕ್ರೋಗ್ರಾಂ ಮಿತಿಯ ಅಟ್ರಜಿನ್ ಪತ್ತೆಯಾಗಲಿಲ್ಲವೆಂದರೆ ಏನೂ ಹೇಳಿದಂತಾಗಲಿಲ್ಲ. ಆದ್ದರಿಂದ ಉಪಕರಣ ಎಷ್ಟರವರೆಗೆ ಕಾಣಬಲ್ಲುದು ಎಂಬುದು ವರದಿಯಲ್ಲಿರಬೇಕು. ಮೂರನೆಯದು, ಅಳೆದ ವಸ್ತುವಿನ ರೂಪ. 2,4-ಡಿ ಸೋಡಿಯಂ ಲವಣವಾಗಿ ಮಾರಾಟವಾಗುತ್ತದೆ, ಆದರೆ ಮಿತಿ ಇರುವುದು ಅದರ ಆಮ್ಲಕ್ಕೆ. 243 ಗ್ರಾಂ ಲವಣದಲ್ಲಿರುವುದು 221 ಗ್ರಾಂ ಆಮ್ಲ. ಎಂದರೆ ಲವಣದ ಲೆಕ್ಕದ 33 ಮೈಕ್ರೋಗ್ರಾಂ ಆಮ್ಲದ ಲೆಕ್ಕದಲ್ಲಿ 30 ಆಗುತ್ತದೆ. ಮೊದಲ ಅಂಕಿಯನ್ನು ನೋಡಿ ಮಿತಿ ಮೀರಿತೆಂದು ಹೌಹಾರುವವನು ಎರಡನೆಯ ಅಂಕಿ ಮಿತಿಯ ಮೇಲೆಯೇ ನಿಂತಿರುವುದನ್ನು ಕಾಣುತ್ತಾನೆ. ನಾಲ್ಕನೆಯದು, ನೀರನ್ನು ತೆಗೆದ ದಿನ. ಗೋಧಿಗೆ ಕಳೆನಾಶಕ ಸಿಂಪಡಿಸುವುದು ಚಳಿಗಾಲದ ನಡುವಿನಲ್ಲಿ, ಭತ್ತಕ್ಕೆ ಹಾಕುವುದು ಮಳೆಗಾಲದ ನಾಟಿಯಾದ ಕೆಲವೇ ದಿನಗಳಲ್ಲಿ. ಮೇ ತಿಂಗಳಲ್ಲಿ ತೆಗೆದ ಒಂದು ಶೀಷೆ ನೀರು ವರ್ಷವಿಡೀ ನೀರು ಹೇಗಿತ್ತೆಂದು ಹೇಳಲಾರದು.

ಮನೆಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಯೂ ಸಹಜ. ನೀರನ್ನು ಕುದಿಸಿ ಆರಿಸಿ ಕುಡಿಯುವುದು ರೋಗಾಣುಗಳಿಗೆ ಉತ್ತಮ ಉಪಾಯ, ಅದನ್ನು ಎಂದಿಗೂ ಬಿಡಬಾರದು. ಆದರೆ ಅಟ್ರಜಿನ್‌ನಂಥ ಕಳೆನಾಶಕ ಆವಿಯಾಗಿ ಹೋಗದು. ಹತ್ತು ಲೀಟರು ನೀರು ಕುದಿದು ಒಂಬತ್ತು ಲೀಟರಾದರೆ, 2 ಮೈಕ್ರೋಗ್ರಾಂ ಇದ್ದುದು 2.2ಕ್ಕೆ ಏರುತ್ತದೆ. ಇಂಥ ವಸ್ತುಗಳನ್ನು ಹೀರಿಕೊಳ್ಳುವುದು ಚುರುಕುಗೊಳಿಸಿದ ಇದ್ದಿಲು. ಮನೆಗಳ ಅನೇಕ ಶುದ್ಧೀಕರಣ ಯಂತ್ರಗಳಲ್ಲಿ ಇದರ ಪದರವಿರುತ್ತದೆ. ಹೀರುವ ಶಕ್ತಿ ತೀರಿದ ಇದ್ದಿಲು ಇದ್ದೂ ಇಲ್ಲದಂತೆ. ಆದುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸದೆ ಯಂತ್ರದ ಹೆಸರನ್ನು ನಂಬಿ ಕೂರುವುದು ತರವಲ್ಲ. ಊರಿನ ಮನೆಗಳಲ್ಲಂತೂ ಸಿಂಪಡಿಸುವ ಡಬ್ಬವನ್ನು ಬಾವಿ, ಕೈಪಂಪುಗಳ ಬಳಿ ತೊಳೆಯದಿರುವುದು, ಖಾಲಿ ಡಬ್ಬಿಯಲ್ಲಿ ನೀರು ತುಂಬಿಡದಿರುವುದು ಯಾವ ಯಂತ್ರಕ್ಕಿಂತಲೂ ಮೇಲಾದ ರಕ್ಷಣೆ.

ಆಗಬೇಕಾದ ಕೆಲಸ

ಸರ್ಕಾರ ಮತ್ತು ಜಲಮಂಡಲಿಗಳು ಮಾಡಬಹುದಾದುದು ಬಹಳವಿದೆ. ಮೊದಲಿಗೆ ಮಾಡಬೇಕಾದುದಕ್ಕೆ ಹೆಚ್ಚು ಹಣವೂ ಬೇಡ. ಬಾಟಲಿಗೂ ನಲ್ಲಿಗೂ ಎಲ್ಲ ಮಾನಕಗಳನ್ನೂ ವರದಿಗಳನ್ನೂ ಲೀಟರಿಗೆ ಮೈಕ್ರೋಗ್ರಾಂ ಎಂಬ ಒಂದೇ ಮಾನದಲ್ಲಿ ಬರೆಯಬೇಕು. ಸಿಕ್ಕ ಪ್ರಮಾಣ, ಮಿತಿ, ಉಪಕರಣದ ಶಕ್ತಿ, ನೀರು ತೆಗೆದ ದಿನ ಇವು ನಾಲ್ಕೂ ಒಂದೇ ಸಾಲಿನಲ್ಲಿ ಇರಬೇಕು. ವಾರಾಣಸಿಯಲ್ಲಿ ಹಿಂದಿಯಲ್ಲಿ, ಕರ್ನಾಟಕದಲ್ಲಿ ಕನ್ನಡದಲ್ಲಿ ಅದನ್ನು ಪ್ರಕಟಿಸಬೇಕು. ಅನಂತರ ನಲ್ಲಿಯ ನೀರಿಗೂ ಒಟ್ಟು ಮೊತ್ತದ ಮಿತಿಯೊಂದನ್ನು ಇಡಬೇಕು. ಸೆಖೆಯ ನಾಡಿನ ದುಡಿಯುವ ಮನುಷ್ಯನನ್ನೂ ಮಗುವನ್ನೂ ಲೆಕ್ಕದ ನಡುವೆ ನಿಲ್ಲಿಸಿ ಹೆಸರುವಾರು ಮಿತಿಗಳನ್ನು ಮತ್ತೆ ಗುಣಿಸಬೇಕು. ಹಾನಿಕರವೆಂದು ಕಂಡ ಅಲಾಕ್ಲೋರ್ ಎಂಬ ಕಳೆನಾಶಕವನ್ನು ಭಾರತ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ 2020ರ ಡಿಸೆಂಬರ್ 31ರಿಂದ ನಿಷೇಧಿಸಿದುದನ್ನು ನೆನೆದರೆ, ಮನಸ್ಸು ಮಾಡಿದಲ್ಲಿ ಬದಲಾವಣೆ ಅಸಾಧ್ಯವಲ್ಲವೆಂಬುದು ತಿಳಿಯುತ್ತದೆ.

ಮಹಾನಗರಗಳ ಕನ್ನಡ ಸಂಘಗಳಿಗೂ ಇಲ್ಲಿ ಪಾತ್ರವಿದೆ. ನಾಟಕ, ಸಂಗೀತ, ರಾಜ್ಯೋತ್ಸವಗಳ ಜೊತೆಗೆ ಆರೋಗ್ಯ ಶಿಬಿರಗಳನ್ನು ನಡೆಸುವ ಸಂಘಗಳು ವರ್ಷಕ್ಕೊಮ್ಮೆ ತಮ್ಮ ಬಡಾವಣೆಯ ನೀರಿನ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಅನ್ವಯ ಪಡೆದು, ಮೈಕ್ರೋಗ್ರಾಮಿಗೆ ಪರಿವರ್ತಿಸಿ, ಸರಳ ಕನ್ನಡದಲ್ಲಿ ಸದಸ್ಯರಿಗೆ ಹಂಚಬಹುದು. ಸಂಘಗಳಲ್ಲಿ ರಸಾಯನಶಾಸ್ತ್ರ ಓದಿದವರಿದ್ದಾರೆ, ನಿವೃತ್ತ ಉಪಾಧ್ಯಾಯರಿದ್ದಾರೆ, ಔಷಧ ಕಂಪೆನಿಗಳಲ್ಲಿ ಕೆಲಸ ಮಾಡುವ ತರುಣ ತರುಣಿಯರಿದ್ದಾರೆ. ಏಳನೆಯ ತರಗತಿಯ ದಶಾಂಶ ಗಣಿತವನ್ನು ಮರೆಯದವರೆಲ್ಲರೂ ಈ ಕೆಲಸಕ್ಕೆ ಅರ್ಹರು. ರಜೆಗೆ ಊರಿಗೆ ಹೋದಾಗ ಹುಟ್ಟೂರಿನ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡು ಮಾಡಿದರೆ, ಅದು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟ ಕಾಣಿಕೆಗೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ.

ಅನಕ್ಷರಸ್ಥನನ್ನು ತೂಕದಲ್ಲಿ ಮೋಸಗೊಳಿಸುವ ವ್ಯಾಪಾರಿಯನ್ನು ಸಮಾಜ ಹಿಂದಿನಿಂದಲೂ ನಿಂದಿಸುತ್ತ ಬಂದಿದೆ. ಅರ್ಥವಾಗದ ಮಾನದಲ್ಲಿ ಅಂಕಿ ಹೇಳಿ ಸುಮ್ಮನಾಗುವ ವ್ಯವಸ್ಥೆಯಲ್ಲಿ ಮೋಸದ ಉದ್ದೇಶ ಇರಲಾರದು. ಆದರೆ ಫಲ ಮಾತ್ರ ಅದಕ್ಕಿಂತ ಭಿನ್ನವಲ್ಲ. ತನ್ನ ಲೋಟದಲ್ಲಿ ಏನಿದೆ, ಎಷ್ಟಿದೆ, ಎಷ್ಟಿರಬಹುದಾಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಕಾಶಿಯ ಅಂಬಿಗನಿಗೂ ಮಹಾನಗರದ ಕನ್ನಡಿಗನಿಗೂ ಸಮಾನವಾದ ಹಕ್ಕು. ದಶಾಂಶ ಬಿಂದುವನ್ನು ಸರಿಯಾದ ಸ್ಥಾನದಲ್ಲಿಟ್ಟು ಓದಲು ಕಲಿಯುವುದು ಆ ಹಕ್ಕಿನ ಮೊದಲ ಮೆಟ್ಟಿಲು.